ಕಾರಿಗೆ ಕೌಟು ಹಿಡಿದ ವರ್ಷ

ಮೊದಲು ಒಂದು ಒಣ ಕೆಮ್ಮು, ಆಮೇಲೆ ಗುರ್ರ್ ಎನ್ನುವ ಉದ್ದದ ಉಸಿರು, ಅದರ ಹಿಂದೆಯೇ ತಲೆಯ ಮೇಲೆ ಸಾವಿರಾರು ತೆಂಗಿನಕಾಯಿಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ಲೊಟಲೊಟ ಎಂದು ನಡುಗುವ ಸದ್ದು. ನನ್ನ ಬಾಲ್ಯದ ಬೆಳಗುಗಳು ಹಾಗೆ ಶುರುವಾಗುತ್ತಿದ್ದವು. ನಮ್ಮ ಕಾರು ನಿಲ್ಲುತ್ತಿದ್ದದ್ದು ಕೊಬ್ಬರಿ ಅಟ್ಟದ ಕೆಳಗೆ, ಹಿಂದೆ ಎತ್ತಿನಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ. ಅಪ್ಪ ಇಂಜಿನ್ ಸ್ಟಾರ್ಟ್ ಮಾಡಿದರೆ ಅಟ್ಟದ ಹಲಗೆಗಳು ಅದುರುತ್ತಿದ್ದವು, ಹಲಗೆಯ ಮೇಲೆ ವರ್ಷಗಟ್ಟಲೆ ಒಣಗಲು ಮಲಗಿದ್ದ ಕಾಯಿಗಳು ನಿದ್ದೆಯಲ್ಲಿ ಮಾತಾಡುವವರಂತೆ ಏನೋ ಉತ್ತರ ಕೊಡುತ್ತಿದ್ದವು. ಸಂದಿಯಿಂದ ಉದುರಿದ ನಾರಿನ ಧೂಳು ಬಿಸಿಲಿನ ಕೋಲುಗಳಲ್ಲಿ ತೇಲಿ ತೇಲಿ ಇಳಿದು ನನ್ನ ನೀಲಿ ಯೂನಿಫಾರ್ಮಿನ ಭುಜದ ಮೇಲೆ ಕೂರುತ್ತಿತ್ತು. ಕಾನ್ವೆಂಟಿನ ಸಿಸ್ಟರ್ ಅದನ್ನು ಎರಡು ಬೆರಳಲ್ಲಿ ಝಾಡಿಸಿ, ಮೈ ಚೈಲ್ಡ್, ಡು ಯು ಸ್ಲೀಪ್ ಇನ್ ಎ ಬಾರ್ನ್ ಎಂದು ಕೇಳುತ್ತಿದ್ದರು. ನಾನು ಎಸ್ ಸಿಸ್ಟರ್ ಎನ್ನುತ್ತಿದ್ದೆ. ಬಾರ್ನ್ ಎಂದರೆ ಕೊಟ್ಟಿಗೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಈಗ ನನ್ನ ಮನೆಯ ಡೈನಿಂಗ್ ಟೇಬಲ್ಲಿನಲ್ಲಿ ಭಾನುವಾರವೆಂದರೆ ಕಾರಿನದೇ ಮಾತು. ಎಲೆಕ್ಟ್ರಿಕ್ ತಗೊಂಡರೆ ಸರ್ವೀಸಿನ ಖರ್ಚೇ ಇಲ್ಲ ಎಂದು ಅಳಿಯ, ಆರು ವರ್ಷವಾದ ಮೇಲೆ ಬ್ಯಾಟರಿ ಕೈಕೊಟ್ಟರೆ ನಿಮ್ಮ ಉಳಿತಾಯ ಎಲ್ಲಿ ಹೋಗುತ್ತೆ ಎಂದು ಮಗಳು, ರೀಸೇಲ್ ವ್ಯಾಲ್ಯೂ ನೋಡದೆ ಯಾರಾದರೂ ಕಾರು ಕೊಳ್ಳುತ್ತಾರಾ ಎಂದು ಮತ್ತೆ ಅಳಿಯ. ನಾನು ಮಜ್ಜಿಗೆ ಕಲಸುತ್ತಾ ಕೇಳುತ್ತಿರುತ್ತೇನೆ. ನನ್ನ ಒಪೀನಿಯನ್ ಕೇಳಿದರೆ ಒಂದೇ ಮಾತು: ಹತ್ತಿರದ ಮೆಕ್ಯಾನಿಕ್ ಬಿಚ್ಚಬಲ್ಲ ಕಾರು ಒಳ್ಳೆಯ ಕಾರು. ಅವರು ನಗುತ್ತಾರೆ. ನಗಲಿ. ಅವರ ಮಾತು ನಡೆಯುತ್ತಿರುವಂತೆಯೇ ನಾನು ಮೆಲ್ಲಗೆ ಕಿಬ್ಬನಹಳ್ಳಿಯ ಈಚೆಯ ನಮ್ಮ ಊರಿಗೆ, ಆ ಅಟ್ಟದ ಕೆಳಗಿನ ನೆರಳಿಗೆ ಹೋಗಿ ನಿಂತಿರುತ್ತೇನೆ. ಅಲ್ಲೂ ಇದೇ ಜಗಳ. ಬಾಯಿಗಳು ಮಾತ್ರ ಬೇರೆ.

ಕಾರು ತಿಪಟೂರಿನ ಒಬ್ಬ ಡಾಕ್ಟರು ಓಡಿಸಿ ಬಿಟ್ಟದ್ದು. ಹಾಲು ಬೆರೆಸಿದ ಹಸಿರು ಬಣ್ಣ, ಗುಂಡು ಬೆನ್ನು, ಹಿಂದಿನ ಸೀಟಿನಲ್ಲಿ ಎಷ್ಟು ತೊಳೆದರೂ ಹೋಗದ ಟಿಂಚರಿನ ವಾಸನೆ. ಡಾಕ್ಟರ ಕೈಯ ಕಾರು ಎಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು, ಅದಕ್ಕೆ ಕಾಯಿಲೆಯೇ ಬರುವುದಿಲ್ಲವೆಂಬಂತೆ. ಅಮ್ಮನ ಲೆಕ್ಕದಲ್ಲಿ ಕಾರಿನ ದೊಡ್ಡ ಗುಣವೆಂದರೆ ಅದರ ತಲೆ; ಅಂಗಳದಲ್ಲಿ ನಿಂತ ದಿನ ಅದರ ಮೇಲೆ ಹಳೆ ಸೀರೆ ಹಾಸಿ ಹಪ್ಪಳ ಒಣಗಿಸಿದರೆ ಕೋಳಿಗೆ ಎಟಕುತ್ತಿರಲಿಲ್ಲ. ತಾತನಿಗೆ ಮಾತ್ರ ಕಾರು ಕಂಡರೆ ಆಗುತ್ತಿರಲಿಲ್ಲ. ಅವರು ಪ್ರತಿ ರಿಪೇರಿಯನ್ನೂ ತೆಂಗಿನಕಾಯಿಯಲ್ಲಿ ಅಳೆಯುತ್ತಿದ್ದರು. ಕ್ಲಚ್ ಪ್ಲೇಟು ಎಂದರೆ ಒಂದು ಗಾಡಿ ಕಾಯಿ. ಬ್ಯಾಟರಿ ಎಂದರೆ ಅರ್ಧ ಗಾಡಿ. ಸೈಲೆನ್ಸರು ಬಿದ್ದುಹೋದ ದಿನ ಅವರು ತೋಟದ ಕಡೆ ನೋಡಿ, ಬಾವಿ ಪಕ್ಕದ ಸಾಲು ಪೂರ್ತಿ ಹೋಯ್ತು ಎಂದರು. ನಾನು ಓಡಿಹೋಗಿ ನೋಡಿದೆ. ಮರಗಳು ನಿಂತೇ ಇದ್ದವು.

"ಕಾಯಿ ಹೊರಲ್ಲ, ಗೊಬ್ಬರ ಹೊರಲ್ಲ, ಹುಲ್ಲು ಹೊರಲ್ಲ. ನಾಕು ಜನ ಕುಂತ್ಕೊಳಕೆ ಇಷ್ಟು ದೊಡ್ಡ ಕಬ್ಬಿಣ ಯಾಕ್ಲಾ? ಒಂದು ಟ್ರಾಕ್ಟರ್ ತಂದಿದ್ರೆ ಹೊಲಾನೂ ಉಳೋದು, ಮಾರ್ಕೆಟ್ಟಿಗೂ ಹೋಗೋದು."

ತಾತ ಹೀಗೆಂದಾಗಲೆಲ್ಲ ಅಪ್ಪ ನನ್ನ ಕಡೆ ನೋಡುತ್ತಿದ್ದರು. ಯಾಕೆಂದರೆ ಕಾರು ಬಂದದ್ದು ನನ್ನಿಂದ. ತಿಪಟೂರಿನ ಕಾನ್ವೆಂಟಿಗೆ ನನ್ನನ್ನು ಸೇರಿಸಬೇಕೆಂದು ಅಪ್ಪ ಹಟ ಹಿಡಿದಾಗ ತಾತ ಎರಡು ಶರತ್ತು ಹಾಕಿದ್ದರು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಲಾರಿಯವರ ನಡುವೆ ಬಸ್ಸಿಗೆ ಕಾಯುತ್ತಾ ಮನೆಯ ಹೆಣ್ಣುಮಗು ನಿಲ್ಲಕೂಡದು. ಹೋಗಿ ಬರುವಾಗ ಜೊತೆಗೆ ಮನೆಯ ಒಬ್ಬ ಹೆಂಗಸು ಇರಬೇಕು. ಹಾಸ್ಟೆಲ್ ಎಂಬ ಮಾತನ್ನು ಅಮ್ಮ ಎತ್ತಲೂ ಬಿಡಲಿಲ್ಲ. ಹಾಗಾಗಿ ಲೆಕ್ಕ ಸರಳವಾಗಿತ್ತು, ಹತ್ತು ವರ್ಷದ ನನಗೂ ಅರ್ಥವಾಗುವಷ್ಟು ಸರಳ. ಕಾರು ಇದ್ದರೆ ಸ್ಕೂಲು. ಕಾರು ಹೋದರೆ ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ, ಆಮೇಲೆ ಒಲೆಯ ಮುಂದೆ ಅಮ್ಮನ ಪಕ್ಕ. ಕಾರು ಸ್ವಲ್ಪ ಕುಂಟಿದರೂ ಸಾಕು, ಚಾಪೆಲ್ಲಿನಲ್ಲಿ ಎಲ್ಲರೂ ಮಂಡಿಯೂರಿದಾಗ ನಾನು ಮೇರಿ ಮಾತೆಗೆ ಕಾರ್ಬುರೇಟರಿನ ಬಗ್ಗೆ ಹೇಳಿಕೊಳ್ಳುತ್ತಿದ್ದೆ.

ಜೊತೆಗೆ ಬರುವ ಹೆಂಗಸೆಂದರೆ ಕೆಂಪತ್ತೆ. ಅಪ್ಪನ ಅಕ್ಕ. ಹುಳಿಯಾರಿನ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಒಂದು ವರ್ಷ ತುಂಬುವ ಮೊದಲೇ ಟ್ರಂಕು ಹಿಡಿದುಕೊಂಡು ಒಬ್ಬಳೇ ಬಂದವಳು ಮತ್ತೆ ಹೋಗಲಿಲ್ಲ. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೇಳದವಳಿಗೆ ಮನೆಯಲ್ಲಿ ಒಂದು ಜಾಗ ಬೇಕಲ್ಲ, ಆ ಜಾಗವನ್ನು ಅವಳು ಅಟ್ಟದ ಮೇಲೆ ಮಾಡಿಕೊಂಡಳು. ಒಣಗಲು ಹಾಕಿದ ಕಾಯಿಯನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಅವಳ ಕೆಲಸ. ಒಳಗೆ ನೀರಿದ್ದರೆ ಕುಳುಕುಳು ಎನ್ನುತ್ತದೆ. ನೀರು ಇಂಗಿದ ಮೇಲೆ ಕೆಲವು ಕಾಲ ಏನೂ ಅನ್ನುವುದಿಲ್ಲ. ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಹದಕ್ಕೆ ಬಂದಾಗ ಲೊಟಲೊಟ. ಇಷ್ಟು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಕೆಂಪತ್ತೆಗೆ ನಾಲ್ಕನೆಯ ಸದ್ದೂ ಕೇಳುತ್ತಿತ್ತು, ಒಳಗೆ ಕೊಳೆತು ಎಣ್ಣೆ ಮುಗ್ಗಿದ ಕೊಬ್ಬರಿಯ ಸದ್ದು. ಆ ಕೆಟ್ಟ ಕೊಬ್ಬರಿಗೆ ನಮ್ಮಲ್ಲಿ ಕೌಟು ಎನ್ನುತ್ತಾರೆ. ಅವಳು ಕೌಟು ಎಂದು ಪಕ್ಕಕ್ಕೆ ಎಸೆದ ಕಾಯಿಯನ್ನು ಯಾರೂ ಒಡೆದು ನೋಡುತ್ತಿರಲಿಲ್ಲ. ನೇರ ಒಲೆಗೆ. ತುರುವೇಕೆರೆಯಿಂದ ಬರುವ ಕೊಬ್ಬರಿ ಶೆಟ್ಟರು ಬೇರೆ ಮನೆಗಳಲ್ಲಿ ಹತ್ತಕ್ಕೊಂದು ಒಡೆದು ನೋಡಿ ಕೊಳ್ಳುವವರು, ನಮ್ಮ ಮನೆಯಲ್ಲಿ ಕೆಂಪಮ್ಮ ನೋಡವ್ರಾ ಎಂದು ಮಾತ್ರ ಕೇಳಿ ಚೀಲ ಕಟ್ಟಿಸುತ್ತಿದ್ದರು. ಗಂಡನ ಮನೆ ಬಿಟ್ಟು ಬಂದ ಹೆಂಗಸಿನ ಮಾತು ಹಾಗೆ ನಡೆಯುತ್ತಿದ್ದ ಮನೆ ಆ ಸುತ್ತಿನಲ್ಲಿ ಇನ್ನೊಂದಿರಲಿಲ್ಲ.

ಆ ಕಿವಿ ಕಾರಿನೊಳಗೂ ಕೆಲಸ ಮಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಕಿಟಕಿಯಾಚೆ ಹಿಂದಕ್ಕೆ ಓಡುವ ತೋಟಗಳನ್ನು ನೋಡುತ್ತಾ, ಎಡಗಡೆ ಮುಂದಿನ ಚಕ್ರದಲ್ಲಿ ಏನೋ ಸಡ್ಲಾಗೈತೆ ಎನ್ನುತ್ತಿದ್ದಳು. ತಿಪಟೂರಿನ ಖಾದರ್ ಮೇಸ್ತ್ರಿ ಶೆಡ್ಡಿನಲ್ಲಿ ಬಿಚ್ಚಿದರೆ ಅಲ್ಲೇ ಇರುತ್ತಿತ್ತು ದೋಷ. ಬರಬರುತ್ತಾ ಮೇಸ್ತ್ರಿ ಅಪ್ಪನನ್ನು ಕೇಳುವುದು ಬಿಟ್ಟು, ಅಕ್ಕ ಏನಂತಾರೆ ಎಂದು ಅವಳನ್ನೇ ಕೇಳತೊಡಗಿದರು. ಅಪ್ಪ ಮಾರ್ಕೆಟ್ಟಿಗೆ, ನಾನು ಕ್ಲಾಸಿಗೆ. ಆ ಹೊತ್ತಿನಲ್ಲೆಲ್ಲ ಅತ್ತೆ ಶೆಡ್ಡಿನ ಬೇವಿನ ಮರದ ಕೆಳಗೆ ಸ್ಟೂಲಿನ ಮೇಲೆ ಕೂತು ಊರಿನ ಇಂಜಿನ್ನುಗಳನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಸಂಜೆ ನಾನು ಗೇಟಿನಿಂದ ಬರುವಾಗ ಅವಳ ಮುಖದಲ್ಲಿ ಒಂದು ಬೆಳಕಿರುತ್ತಿತ್ತು, ಅವಳೂ ಯಾವುದೋ ಸ್ಕೂಲಿನಿಂದ ಬಂದಂತೆ.

ಆರನೇ ಕ್ಲಾಸಿನ ಆನ್ಯುಯಲ್ ಎಕ್ಸಾಮಿನ ಬೆಳಗ್ಗೆ, ಕಿಬ್ಬನಹಳ್ಳಿ ಇನ್ನೂ ಎರಡು ಮೈಲಿ ಇರುವಾಗ, ಬಾನೆಟ್ಟಿನಿಂದ ಆವಿ ಎದ್ದಿತು. ರೇಡಿಯೇಟರ್ ಬತ್ತಿಹೋಗಿತ್ತು. ಪಕ್ಕದ ತೋಟದ ಬಾವಿಗೆ ಕರೆಂಟಿಲ್ಲ, ಹಗ್ಗವಿಲ್ಲ. ನಾನು ಜಾಮಿಟ್ರಿ ಬಾಕ್ಸನ್ನು ಎದೆಗೆ ಒತ್ತಿಕೊಂಡು ರಸ್ತೆಯಲ್ಲಿ ನಿಂತೆ. ಅಲ್ಲಿ ಯಾರೋ ಎಳನೀರು ಕೀಳಿಸಿ ಗುಡ್ಡೆ ಹಾಕಿದ್ದರು. ಅಪ್ಪನ ಕಣ್ಣು ಅದರ ಮೇಲೆ ಬಿತ್ತು. ಮನುಷ್ಯನಿಗೆ ತಂಪು ಮಾಡುವುದು ಕಾರಿಗೆ ಯಾಕೆ ಮಾಡಬಾರದು ಎಂದು ಅವರು ಕೆತ್ತಿಸಿಯೇಬಿಟ್ಟರು.

"ಬ್ಯಾಡ ಕಣೋ. ಅದರಲ್ಲಿ ಸಿಹಿ ಐತೆ. ಕಾದ್ರೆ ಅಂಟು ಕಟ್ತೈತೆ," ಎಂದಳು ಅತ್ತೆ.

ಆದರೆ ಬೇರೆ ದಾರಿ ಇರಲಿಲ್ಲ, ಅವಳಿಗೂ ಅದು ಗೊತ್ತಿತ್ತು. ಇಂಜಿನ್ ತಣ್ಣಗಾದ ಮೇಲೆ ಅವಳೇ ಸೆರಗನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಳ ತೆಗೆದಳು. ಎಂಟು ಎಳನೀರು ಕುಡಿದ ಕಾರು ಹೊರಟಿತು. ಓ, ಆ ಪರಿಮಳ! ಇಡೀ ದಾರಿ ನಾವು ಪಾಯಸದ ಪಾತ್ರೆಯೊಳಗೆ ಕೂತು ಹೋದಂತಿತ್ತು. ತೆಂಗಿನ ತೋಟಗಳ ನಡುವೆ, ಕಾದ ತೆಂಗಿನ ಸಿಹಿ ಹಬೆಯಲ್ಲಿ, ತೊಡೆಯ ಮೇಲೆ ಗ್ರಾಮರ್ ಪುಸ್ತಕ. ಅಷ್ಟು ಹಿತವಾದ ಪ್ರಯಾಣ ನನ್ನ ಜೀವನದಲ್ಲಿ ಮತ್ತೆ ಬರಲಿಲ್ಲ. ಬೆಲ್ ಹೊಡೆಯುವ ಮೊದಲೇ ನಾನು ನನ್ನ ಡೆಸ್ಕಿನಲ್ಲಿದ್ದೆ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಪ್ಪ ಅದನ್ನು ಒಂದು ಕಂಡುಹಿಡಿದ ವಿದ್ಯೆಯೆಂದುಕೊಂಡರು. ನಮ್ಮ ಬಾವಿಯ ಗಡಸು ನೀರಿಗಿಂತ ಎಳನೀರು ಶುದ್ಧ, ಒಳಗೆ ಉಪ್ಪು ಕಟ್ಟುವುದಿಲ್ಲ ಎಂದು ಎದುರು ಸಿಕ್ಕವರಿಗೆಲ್ಲ ಹೇಳಿದರು, ವಾರಕ್ಕೆರಡು ಸಲ ಹುಯ್ದರು. ಮೂರನೇ ವಾರ ಅತ್ತೆ, ಸದ್ದು ದಪ್ಪ ಆಗೈತೆ ಕಣೋ ಎಂದಳು. ಅಪ್ಪ ಕೇಳಲಿಲ್ಲ. ಐದನೇ ವಾರ ಕಾರು ರಸ್ತೆಯಲ್ಲೇ ಕೂತಿತು. ಎತ್ತು ಕಟ್ಟಿ ಎಳೆಸಿಕೊಂಡು ಹೋಗಿ ಬಿಚ್ಚಿಸಿದರೆ, ಒಳಗಿನ ಕೊಳವೆಗಳಲ್ಲೆಲ್ಲ ಕಂದು ಬಣ್ಣದ ಅಂಟು. ಖಾದರ್ ಮೇಸ್ತ್ರಿ ಅದನ್ನು ಸ್ಕ್ರೂಡ್ರೈವರಿನ ತುದಿಯಲ್ಲಿ ಎತ್ತಿ ಮೂಸಿ ನೋಡಿದರು.

"ಇದು ರೇಡಿಯೇಟರಾ ಅಣ್ಣಾ, ಆಲೆಮನೆ ಕೊಪ್ಪರಿಗೆನಾ?"

ವಾಷಿಂಗ್ ಸೋಡಾ ಹಾಕಿ ಎರಡು ದಿನ ಕುದಿಸಿದರು. ಹೋಸ್ ಪೈಪು, ಗ್ಯಾಸ್ಕೆಟ್ಟು ಎಲ್ಲ ಹೊಸದು ಹಾಕಿದರು. ಆ ರಿಪೇರಿ ಎಷ್ಟು ಗಾಡಿ ಕಾಯಿ ಎಂದು ತಾತ ಹೇಳಲೇ ಇಲ್ಲ, ಅದೇ ಭಯವಾಗಿತ್ತು. ಅವತ್ತು ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ತಾತ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಡದೆ ಹೇಳಿದರು. ಕಾರು ಮಾರೋದು. ತುರುವೇಕೆರೆ ಶೆಟ್ಟರು ಕೇಳಿದ್ದಾರೆ. ಟ್ರಾಕ್ಟರಿಗೆ ಮಾತಾಡಿದ್ದೇನೆ. ಅಪ್ಪ ಏನೋ ಹೇಳಹೋದರು. ಎಳನೀರು ಹುಯ್ದವನು ನೀನು ಎಂದರು ತಾತ. ನಾನು ಧೈರ್ಯ ಮಾಡಿ ನನ್ನ ಸ್ಕೂಲು ಎಂದೆ.

"ಆರು ವರ್ಷ ಇಂಗ್ಲೀಷು ಓದಿದ್ದು ಸಾಕು ಕಣವ್ವ. ಮೇಷ್ಟ್ರು ನಮ್ಮೂರಲ್ಲೂ ಅವ್ರೆ," ಎಂದರು ತಾತ, ಸಿಟ್ಟಿಲ್ಲದೆ. ಅವರು ನನ್ನ ಮೇಲೆ ಯಾವತ್ತೂ ಸಿಟ್ಟು ಮಾಡಿದವರಲ್ಲ. ಅತ್ತೆ ಸಾರಿನ ಸೌಟು ಹಿಡಿದು ನಿಂತಿದ್ದಳು. ನನಗೆ ಬಡಿಸಿದಳು. ನನ್ನ ತಟ್ಟೆಯಲ್ಲಿ ಆಗಲೇ ಸಾರಿತ್ತು.

ಶೆಟ್ಟರು ಬಂದ ದಿನ ಅಂಗಳಕ್ಕೆ ನೀರು ಚಿಮುಕಿಸಿದ್ದರು. ತೊಳೆದು ನಿಲ್ಲಿಸಿದ ಕಾರು ಎಳೆ ಹಲಸಿನ ಎಲೆಯಂತೆ ಹೊಳೆಯುತ್ತಿತ್ತು. ಅಪ್ಪ ಮುಖ ತಗ್ಗಿಸಿಕೊಂಡು ಸ್ಟಾರ್ಟ್ ಮಾಡಿದರು. ಕೆಮ್ಮಿಲ್ಲ, ಅದುರಿಲ್ಲ, ಮೇಸ್ತ್ರಿ ಇಡೀ ಕಾರನ್ನೇ ಹೊಸದು ಮಾಡಿದ್ದರು. ಮಾರುವ ದಿನವೇ ಅದು ಹಾಗೆ ಚೆಂದವಾಗಿ ಉಸಿರಾಡುವುದನ್ನು ಕೇಳಿ ನನಗೆ ಅದರ ಮೇಲೆ ಕೋಪ ಬಂತು. ಶೆಟ್ಟರು ಸುತ್ತ ಒಂದು ಸುತ್ತು ಬಂದರು, ಟೈರು ಒದ್ದರು, ಬಾಗಿಲು ತೆಗೆದು ಮುಚ್ಚಿ ನೋಡಿದರು. ಆಮೇಲೆ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದ ಅತ್ತೆಯ ಕಡೆ ತಿರುಗಿದರು.

"ನಂಗೇನು ಇಂಜಿನ್ ತಿಳೀತದಾ ಕೆಂಪಮ್ಮ. ನೀವೊಂದು ಮಾತು ಹೇಳಿ, ಸಾಕು."

ತಾತ ಹೂಂ ಎಂದರು, ಹೆಮ್ಮೆಯಿಂದ. ಅತ್ತೆ ಮೆಟ್ಟಿಲಿಳಿದು ಬಂದಳು. ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವಂತೆ. ಕತ್ತು ವಾಲಿಸಿ ಕಿವಿ ಹತ್ತಿರ ತಂದಳು, ಕಣ್ಣು ಮುಚ್ಚಿದಳು. ಎಷ್ಟು ಹೊತ್ತು! ಅಂಗಳದಲ್ಲಿ ಇಂಜಿನ್ ಒಂದೇ ಸಮ ಗುನುಗುತ್ತಿತ್ತು, ಅಟ್ಟದ ಕಾಯಿಗಳು ಕೂಡ ಸುಮ್ಮನಿದ್ದವು. ಅವಳು ಎದ್ದು ನಿಂತು, ನನ್ನ ಕಡೆ ನೋಡದೆ, ಯಾರ ಕಡೆಯೂ ನೋಡದೆ ಹೇಳಿದಳು.

"ಒಳಗೆ ಕೌಟು ಹಿಡ್ದೈತೆ ಕಣ್ರೀ."

ಬೇರೆ ಊರಾಗಿದ್ದರೆ ನಗುತ್ತಿದ್ದರು. ಕಬ್ಬಿಣಕ್ಕೆಲ್ಲಿ ಕೌಟು? ಆದರೆ ಆ ಮಾತು ಆ ಬಾಯಿಂದ ಬಂದರೆ ನಮ್ಮಲ್ಲಿ ಅದರ ಮೇಲೆ ಮಾತಿಲ್ಲ. ಶೆಟ್ಟರು ಕಾರಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಚೆನ್ನಾಗೇ ಕೇಳ್ತೈತಲ್ಲವ್ವ?"

"ಎಳನೀರು ಕುಡಿದ ಗಾಡಿ ಅಲ್ವೇನ್ರೀ. ಮೇಲೆ ಮೇಲೆ ತೊಳ್ದವ್ರೆ. ಒಳಗೆ ಕುಂತೈತೆ. ಇವತ್ತು ಗೊತ್ತಾಗಲ್ಲ."

ಶೆಟ್ಟರು ಮಜ್ಜಿಗೆ ಕುಡಿದು, ಇನ್ನೊಂದು ಸಲ ನೋಡನ ಗೌಡ್ರೇ ಎಂದು ಕೊಡೆ ಎತ್ತಿಕೊಂಡು ಹೋದರು. ಮುಂದಿನ ಸಂತೆಯ ಹೊತ್ತಿಗೆ ಗೌಡರ ಮನೆಯ ಕೌಟು ಕಾರಿನ ಸುದ್ದಿ ಚಿಕ್ಕನಾಯಕನಹಳ್ಳಿಯವರೆಗೂ ಹೋಗಿತ್ತು. ಯಾರೂ ಕೊಳ್ಳಲು ಬರಲಿಲ್ಲ. ಟ್ರಾಕ್ಟರಿನ ಮಾತು ಮುಂದಕ್ಕೆ ಹೋಯಿತು. ಜೂನಿನಲ್ಲಿ ನಾನು ಹೊಸ ಯೂನಿಫಾರ್ಮ್ ಹಾಕಿಕೊಂಡು, ಅದೇ ಕಾರಿನಲ್ಲಿ, ಅತ್ತೆಯ ಪಕ್ಕ ಕೂತು ಏಳನೇ ಕ್ಲಾಸಿಗೆ ಹೋದೆ.

ಆಮೇಲೆ ನಡೆದದ್ದು ಸದ್ದಿಲ್ಲದ ಸಂಗತಿ. ಕಾರು ಕೆಡಲಿಲ್ಲ. ಒಂದು ವರ್ಷ, ಎರಡು ವರ್ಷ, ನಾನು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ, ಟೈರು ಬಿಟ್ಟರೆ ಬೇರೆ ಖರ್ಚು ಕೇಳದೆ ಅದು ಓಡಿತು. ಮಕ್ಕಳಿರಾ, ಯಾವ ಕಂಪನಿಯವರೂ ಕೊಡದ ವಾರಂಟಿ ಅದು. ಬೆಳಗ್ಗೆ ಅದು ಒಂದೇ ಸಲಕ್ಕೆ ಸ್ಟಾರ್ಟ್ ಆದಾಗ ಅಪ್ಪ ಖುಷಿಪಡುತ್ತಿದ್ದರು, ನಾನು ಖುಷಿಪಡುತ್ತಿದ್ದೆ, ಜಗಲಿಯ ಮೇಲೆ ಕೂತ ತಾತ ಕಾರನ್ನು ನೋಡಿ ಆಮೇಲೆ ಅತ್ತೆಯನ್ನು ನೋಡುತ್ತಿದ್ದರು. ಕಾರು ಚೆನ್ನಾಗಿ ಓಡಿದಷ್ಟೂ ಅತ್ತೆ ಸುಳ್ಳಾಗುತ್ತಾ ಹೋದಳು. ಎರಡನೇ ವರ್ಷದ ಕೊಬ್ಬರಿ ಒಡೆಯುವ ಕಾಲದಲ್ಲಿ ಅವಳು ಒಂದು ಕಾಯಿ ಅಲ್ಲಾಡಿಸಿ ಕೌಟು ಎಂದು ಪಕ್ಕಕ್ಕಿಟ್ಟಳು. ತಾತ ಎದ್ದು ಬಂದರು. ಯಾವುದಕ್ಕೂ ಇರ್ಲಿ ಎಂದು ಅದನ್ನೆತ್ತಿಕೊಂಡು, ಆಳುಗಳ ಮುಂದೆಯೇ, ಮಚ್ಚಿನ ಬೆನ್ನಿನಿಂದ ಒಡೆದರು. ಕಪ್ಪು ಕೊಬ್ಬರಿ, ಮೂಗಿಗೆ ಹೊಡೆಯುವ ವಾಸನೆ. ಕೌಟೇ ಆಗಿತ್ತು. ಆದರೆ ಒಡೆದು ನೋಡಿದ್ದರಲ್ಲ. ಅತ್ತೆ ಕೈಯ ನಾರು ಝಾಡಿಸಿಕೊಂಡು ಇಳಿದುಬಂದಳು. ಮಾರನೇ ದಿನ ಕಾಯಿ ನೋಡಲು ಪಕ್ಕದ ಹಟ್ಟಿಯಿಂದ ಒಬ್ಬ ಮುದುಕ ಬಂದ. ಅತ್ತೆ ಅಟ್ಟ ಗುಡಿಸಲು ಮಾತ್ರ ಹತ್ತುತ್ತಿದ್ದಳು. ಕಾಯಿಯನ್ನು ಕಿವಿಗೆ ಹಿಡಿದದ್ದನ್ನು ನಾನು ಮತ್ತೆ ನೋಡಲಿಲ್ಲ. ಸ್ಕೂಲಿಗೆ ಮಾತ್ರ ನನ್ನ ಜೊತೆ ದಿನವೂ ಬಂದಳು. ಐ ಮಸ್ಟ್ ಕನ್ಫೆಸ್, ಆ ವರ್ಷಗಳಲ್ಲಿ ನಾನು ಇದನ್ನೆಲ್ಲ ಕಂಡೂ ಕಾಣಲಿಲ್ಲ. ನನಗೆ ಓದುವುದಿತ್ತು.

ಕಾಣುವ ಹೊತ್ತಿಗೆ ನಾನು ತುಮಕೂರಿನಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿ, ಅಲ್ಲೇ ತಲೆ ನೆರೆದು, ನನ್ನದೇ ದುಡ್ಡಿನಲ್ಲಿ ಒಂದು ಪುಟ್ಟ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೆ. ತಾತ, ಅಪ್ಪ ಇಬ್ಬರೂ ಹೋಗಿದ್ದರು. ಅತ್ತೆ ಬಿಳಿಗೆರೆಯಲ್ಲಿ ತನ್ನ ಪಾಲಿಗೆ ಬಂದ ತೋಟದ ಮನೆಯಲ್ಲಿದ್ದಳು, ಎಂಬತ್ತು ದಾಟಿ. ಅವಳನ್ನು ನೋಡಲು ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಕೇಳಬೇಕೆಂದೇ ಹೋದದ್ದು. ಅವಳು ಕಾರಿನ ಸುತ್ತ ಬಂದು ಎಷ್ಟು ಕೊಡ್ತೈತೆ ಎಂದು ಮೈಲೇಜು ವಿಚಾರಿಸಿದಳು, ಚಿಕ್ಕದೇ ಒಳ್ಳೇದು ಕಣೇ, ತೋಟದ ಓಣೀಲಿ ನುಗ್ತೈತೆ ಎಂದಳು. ಕಾಫಿ ಕುಡಿಯುತ್ತಾ ನಾನು ಮಾತು ಶುರುಮಾಡಿದೆ, ಅವತ್ತು ಶೆಟ್ಟರ ಮುಂದೆ ಎಂದಷ್ಟೇ ಅಂದೆ. ಅವಳು ಲೋಟ ಕೆಳಗಿಟ್ಟಳು.

"ಚೆನ್ನಾಗಿತ್ತು ಕಣೇ ಇಂಜಿನ್ನು. ಅಷ್ಟು ಚೆನ್ನಾಗಿರೋ ಸದ್ದು ನಾನು ಕೇಳೇ ಇರಲಿಲ್ಲ. ಅದಕ್ಕೇ ಅಷ್ಟು ಹೊತ್ತು ಕೇಳಿದ್ದು."

"ತಾತ ನಿನ್ನ ಮಾತು ನಂಬೋದೇ ಬಿಟ್ರಲ್ಲತ್ತೆ."

"ಹೂಂ. ಬಿಟ್ಟ," ಎಂದಳು. ಕೆಳಗಿಟ್ಟ ಲೋಟ ಎತ್ತಿಕೊಂಡು, "ನೀನು ಓದ್ದೆಯಲ್ಲ, ಬುಡು," ಎಂದಳು.

ಹೇಳಲೆಂದು ದಾರಿಯುದ್ದಕ್ಕೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಜೋಡಿಸಿಕೊಂಡು ಹೋಗಿದ್ದ ಮಾತುಗಳನ್ನು ಬಿಟ್ಟು ನಾನು ಎರಡೂ ಲೋಟ ತೊಳೆದಿಟ್ಟೆ. ಹೊತ್ತಾಗ್ತೈತೆ, ಹೊರಡು ಎಂದು ಅವಳೇ ಎದ್ದಳು. ಓಣಿ ಕಿರಿದು, ಎರಡು ಕಡೆಯೂ ಮುಳ್ಳುಬೇಲಿ, ಕಾರು ತಿರುಗಿಸಲು ಜಾಗವಿಲ್ಲ. ರಸ್ತೆಯವರೆಗೂ ರಿವರ್ಸಿನಲ್ಲೇ ಹೋಗಬೇಕು. ನನಗೆ ರಿವರ್ಸ್ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ನಾನು ನೋಡ್ತೀನಿ ಬಾ ಎಂದು ಅವಳು ಕೋಲೂರಿಕೊಂಡು ಕಾರಿನ ಹಿಂದಕ್ಕೆ ಹೋದಳು. ಕನ್ನಡಿಯಲ್ಲಿ ಅವಳ ಬಿಳಿ ತಲೆ, ಎತ್ತಿದ ಒಂದು ಕೈ. ಬರ್ಲಿ ಎಂದಳು. ಬರ್ಲಿ, ಬರ್ಲಿ, ಎಡಕ್ಕೆ, ಬರ್ಲಿ. ನಾನು ಬೇಲಿಯನ್ನು ನೋಡಲಿಲ್ಲ, ಆ ಕೈಯನ್ನೇ ನೋಡಿಕೊಂಡು ಬಂದೆ. ರಸ್ತೆ ಮುಟ್ಟಿದಾಗ ಅವಳು ಪಕ್ಕಕ್ಕೆ ಸರಿದು, ಬಸ್ಸಿನ ಕಂಡಕ್ಟರರಂತೆ ಕಾರಿನ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿ, ರೈಟ್ ಎಂದಳು.